ಜಾಲಸಂಚಾರದ ಗೂಢ ಕಡತಗಳು

ಗಣಕಯಂತ್ರದ ಮುಂದೆ ಕುಳಿತು ಅಂತರಜಾಲದಲ್ಲಿ ಸಂಚರಿಸುವವನು ಯಾವ ಯಾವ ತಾಣಗಳನ್ನು ಹೊಕ್ಕನು, ಯಾವ ಗಳಿಗೆಯಲ್ಲಿ ಹೊಕ್ಕನು, ಅಲ್ಲಿ ಏನನ್ನು ಹುಡುಕಿದನು ಎಂಬ ಸಂಗತಿಗಳನ್ನು ಬ್ರೌಸರ್ ಎಂಬ ತಂತ್ರಾಂಶವೂ ಅದಕ್ಕೆ ಆಶ್ರಯವಿತ್ತ ಕಾರ್ಯಾಚರಣ ವ್ಯವಸ್ಥೆಯೂ ಬಳಕೆದಾರನ ಕಣ್ಣಿಗೆ ಸಹಜವಾಗಿ ಬೀಳದ ಎಡೆಗಳಲ್ಲಿ ಬರೆದಿಡುವ ದಾಖಲೆಗಳಿಗೆ ಜಾಲಸಂಚಾರದ ಗೂಢ ಕಡತಗಳೆಂಬ ಹೆಸರು ಸಲ್ಲುತ್ತದೆ. ಪರದೆಯ ಮೇಲೆ ತೋರುವ 'ಹಿಸ್ಟರಿ' ಎಂಬ ಪಟ್ಟಿಯು ಈ ದಾಖಲೆಗಳ ಒಂದು ಮುಖ ಮಾತ್ರ. ಆ ಪಟ್ಟಿಯನ್ನು ಬರಿದು ಮಾಡಿದ ಮೇಲೂ ದಾಖಲೆಯ ಒಡಲು ಗಣಕದ ತಟ್ಟೆಯ (ಡಿಸ್ಕ್) ಮೇಲೆ ಅಳಿಯದೆ ಉಳಿದಿರುವುದು ಸಾಮಾನ್ಯ. ಇವುಗಳ ಸ್ವರೂಪ, ಇವು ಸುಲಭವಾಗಿ ನಾಶವಾಗದಿರುವುದಕ್ಕೆ ಕಾರಣ, ನಿಶ್ಶೇಷವಾಗಿ ಅಳಿಸುವ ಕ್ರಮ, ಅಳಿಸುವುದಕ್ಕೆ ಶಾಸನವು ವಿಧಿಸಿರುವ ಎಲ್ಲೆಗಳು, ತುಂಗಭದ್ರೆಯ ದಡದ ಹೊಸಪೇಟೆ, ಹಂಪೆ, ಕಂಪ್ಲಿಗಳಲ್ಲಿಯೂ ನೆರೆಯ ಸಂಡೂರಿನಲ್ಲಿಯೂ ಈ ವಿಷಯವು ನಿತ್ಯಜೀವನದೊಡನೆ ಬೆರೆತ ಬಗೆ - ಇವು ಈ ಲೇಖನದ ವಸ್ತು.

ಶಬ್ದವಿಚಾರ

ಆಂಗ್ಲಭಾಷೆಯ 'ಫೈಲ್' ಶಬ್ದಕ್ಕೆ ಗಣಕದ ಕನ್ನಡದಲ್ಲಿ 'ಕಡತ' ಎಂಬ ಪದವು ರೂಢವಾಗಿದೆ. ಸರ್ಕಾರಿ ಕಚೇರಿಗಳಲ್ಲಿ ಮೇಜಿನಿಂದ ಮೇಜಿಗೆ ಸಾಗುವ ಕಾಗದದ ಕಟ್ಟಿಗೂ ಇದೇ ಹೆಸರು. ಆದರೆ ಮೂಲದ ಕಡತವು ಬೇರೆಯೇ ಒಂದು ವಸ್ತು. ಹುಣಿಸೆಬೀಜದ ಅಂಟಿಗೆ ಇದ್ದಿಲಿನ ಪುಡಿಯನ್ನು ಕಲಸಿ, ಅದನ್ನು ಬಟ್ಟೆಯ ಎರಡು ಮಗ್ಗುಲಿಗೂ ಬಳಿದು, ಒಣಗಿಸಿ, ಮಡಿಕೆಯ ಮೇಲೆ ಮಡಿಕೆಯಾಗಿ ಮಡಚಿ, ಆ ಕಪ್ಪು ಮೈಯ ಮೇಲೆ ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಹೊತ್ತಗೆಯದು. ವರ್ತಕರೂ ಶಾನುಭೋಗರೂ ಅದನ್ನು ಬಳಸುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸಗ್ರಂಥದಲ್ಲಿ ಕಡತವನ್ನು ವರ್ಣಿಸುತ್ತ, ಬರೆದುದನ್ನು ಬಟ್ಟೆಯ ತುಂಡಿನಿಂದ ಒರೆಸಿ ಅದೇ ಎಡೆಯಲ್ಲಿ ಮತ್ತೆ ಬರೆಯಬಹುದೆಂಬುದನ್ನು ಗುರುತಿಸಿದ್ದಾನೆ. ಒರೆಸಿದರೆ ಅಳಿಯುವ ಈ ಹೊತ್ತಗೆಗಳೇ, ಒರೆಸದೆ ಜೋಪಾನ ಮಾಡಿದ ಕಡೆಗಳಲ್ಲಿ, ಶೃಂಗೇರಿ ಮಠದ ಕಡತಗಳಂತೆ, ಶತಮಾನಗಳನ್ನು ದಾಟಿ ಇತಿಹಾಸಕಾರರ ಕೈಸೇರಿವೆ.

ಕಡತಕ್ಕೆ ಇದಿರಾದುದು ಶಾಸನ. ವಿಜಯನಗರದ ಅರಸರು ದೇವಾಲಯಗಳಿಗೆ ಬಿಟ್ಟ ದತ್ತಿಗಳನ್ನು ಹಂಪೆಯ ಗೋಡೆಗಳ ಮೇಲೆಯೂ ಬಂಡೆಗಳ ಮೇಲೆಯೂ ಕೊರೆಯಿಸುವಾಗ ಅವು ಆಚಂದ್ರಾರ್ಕವಾಗಿ ನಿಲ್ಲಬೇಕೆಂಬುದೇ ಉದ್ದೇಶವಾಗಿದ್ದಿತು. ಅಳಿಸುವವನಿಗೆ ಶಾಪಾಕ್ಷರವೂ ಅಲ್ಲಿಯೇ ಸಿದ್ಧವಿರುತ್ತಿತ್ತು. ಇಂದಿನ ಗಣಕದ ಕಡತವು ಹೆಸರಿನಲ್ಲಿ ಕಡತ, ನಡವಳಿಕೆಯಲ್ಲಿ ಬಹುಮಟ್ಟಿಗೆ ಶಾಸನ. ಒಂದು ಗುಂಡಿಯನ್ನೊತ್ತಿದ ಮಾತ್ರಕ್ಕೆ ಬಳಪದ ಅಕ್ಷರದಂತೆ ಅಳಿದುಹೋಯಿತೆಂದು ಕಣ್ಣು ನಂಬುತ್ತದೆ; ತಟ್ಟೆಯಾದರೋ ಕಲ್ಲಿನಂತೆ ಅದನ್ನು ಹಿಡಿದುಕೊಂಡಿರುತ್ತದೆ. ಈ ಕ್ಷೇತ್ರದಲ್ಲಿ ಜನರಿಗೆ ಒದಗುವ ತೊಡಕುಗಳಿಗೆಲ್ಲ ಈ ನಾಮಭ್ರಮೆಯೇ ಮೂಲ.

ಗೂಢತೆಯ ಸ್ವರೂಪ

ಈ ಜಾತಿಯ ಕಡತಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಮೈಕ್ರೋಸಾಫ್ಟ್ ಸಂಸ್ಥೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಳಸುತ್ತಿದ್ದ 'ಇಂಡೆಕ್ಸ್.ಡ್ಯಾಟ್'. ಆ ಬ್ರೌಸರಿನ 1997ರ ನಾಲ್ಕನೆಯ ಆವೃತ್ತಿಯಿಂದ 2011ರ ಒಂಬತ್ತನೆಯ ಆವೃತ್ತಿಯವರೆಗೂ ಸಂದರ್ಶಿಸಿದ ತಾಣಗಳಿಗೊಂದು, ಕುಕ್ಕಿಗಳಿಗೊಂದು, ತಾತ್ಕಾಲಿಕವಾಗಿ ಇಳಿಸಿಕೊಂಡ ಪುಟಗಳಿಗೊಂದು ಎಂಬಂತೆ ಈ ಹೆಸರಿನ ಕಡತಗಳು ಬೇರೆ ಬೇರೆ ಕೋಶಗಳಲ್ಲಿರುತ್ತಿದ್ದವು. ಇವಕ್ಕೆ 'ಗುಪ್ತ' ಎಂಬ ಲಕ್ಷಣದೊಡನೆ 'ವ್ಯವಸ್ಥೆಗೆ ಸೇರಿದುದು' ಎಂಬ ಲಕ್ಷಣವನ್ನೂ ಲಗತ್ತಿಸಿದ್ದುದರಿಂದ ಸಾಮಾನ್ಯ ನೋಟಕ್ಕೆ ಅವು ಕಾಣಿಸುತ್ತಿರಲಿಲ್ಲ. ಹೇಗೋ ಕಂಡುಹಿಡಿದು ಅಳಿಸಹೋದರೆ, ವಿಂಡೋಸ್ ವ್ಯವಸ್ಥೆಯು ತಾನೇ ಅವನ್ನು ಸದಾ ತೆರೆದು ಹಿಡಿದಿರುತ್ತಿದ್ದುದರಿಂದ, ಕಡತವು ಬಳಕೆಯಲ್ಲಿದೆ ಎಂಬ ಎಚ್ಚರಿಕೆ ಬಂದು ಕೆಲಸ ಕೆಡುತ್ತಿತ್ತು. ಬಲ್ಲವರು ಬೇರೊಂದು ಬಳಕೆದಾರ ಖಾತೆಯಿಂದ ಒಳಹೊಕ್ಕೋ, ಯಂತ್ರವನ್ನು ಡಾಸ್ ಸ್ಥಿತಿಯಲ್ಲಿ ಎಬ್ಬಿಸಿಯೋ ಇವನ್ನು ಅಳಿಸುತ್ತಿದ್ದರು. ಮಿಕ್ಕವರು 'ಹಿಸ್ಟರಿ' ಅಳಿಸಿ ನಿಶ್ಚಿಂತರಾಗುತ್ತಿದ್ದರು. ಅಳಿಸಿದ ನಮೂದುಗಳ ಅವಶೇಷವು ಮಾತ್ರ ಕಡತದೊಳಗೆ, ಹೊಸ ನಮೂದೊಂದು ಮೇಲೆ ಬಂದು ಕೂರುವ ತನಕ, ಹಾಗೆಯೇ ಇರುತ್ತಿತ್ತು.

2012ರಲ್ಲಿ ಹೊರಬಂದ ಹತ್ತನೆಯ ಆವೃತ್ತಿಯಲ್ಲಿ ಇಂಡೆಕ್ಸ್.ಡ್ಯಾಟ್ ತೆರವಾಗಿ, ಅದರ ಸ್ಥಾನಕ್ಕೆ 'ವೆಬ್‌ಕ್ಯಾಶ್' ಎಂಬ ದತ್ತಸಂಚಯವು ಬಂದಿತು. 2022ರ ಜೂನ್ 15ರಂದು ಆ ಬ್ರೌಸರೇ ನಿವೃತ್ತಿ ಹೊಂದಿತು. ಈಗ ಬಹುಜನರು ಬಳಸುವ ಗೂಗಲ್ ಕ್ರೋಮ್ ತನ್ನ ವೃತ್ತಾಂತವನ್ನು 'ಹಿಸ್ಟರಿ' ಎಂಬ, ಬಾಲವಿಲ್ಲದ ಹೆಸರಿನ ಒಂದು ಕಡತದಲ್ಲಿಯೂ, ಫೈರ್‌ಫಾಕ್ಸ್ 2008ರ ಮೂರನೆಯ ಆವೃತ್ತಿಯಿಂದೀಚೆಗೆ 'ಪ್ಲೇಸಸ್' ಎಂಬ ಕಡತದಲ್ಲಿಯೂ ಇರಿಸುತ್ತವೆ. ಎರಡೂ ಎಸ್‌ಕ್ಯೂಲೈಟ್ ಎಂಬ ಪುಟ್ಟ ದತ್ತಸಂಚಯ ಪದ್ಧತಿಯವು. ವಿಂಡೋಸಿನಲ್ಲಿ ಎರಡೂ ಇರುವುದು 'ಆ್ಯಪ್‌ಡೇಟಾ' ಎಂಬ, ತಾನಾಗಿ ಕಣ್ಣಿಗೆ ಬೀಳದ ಕೋಶದೊಳಗೆ. ಕ್ರೋಮ್ ಪ್ರತಿಯೊಂದು ಸಂದರ್ಶನದ ಕಾಲವನ್ನು 1601ನೆಯ ಇಸವಿಯ ಜನವರಿ 1ರಿಂದ ಮೊದಲ್ಗೊಂಡು ಸೆಕೆಂಡಿನ ಹತ್ತು ಲಕ್ಷದ ಒಂದಂಶದ ಲೆಕ್ಕದಲ್ಲಿ ಬರೆಯುತ್ತದೆಂದರೆ, ಹಂಪೆಯ ಹಾಳುಬೀಳುವಿಕೆಗೆ ಕೇವಲ ಮೂವತ್ತಾರು ವರ್ಷ ಈಚಿನ ದಿನವೊಂದನ್ನು ಯುಗಾದಿಯಾಗಿಟ್ಟುಕೊಂಡ ಈ ಶಾನುಭೋಗನ ಕರಾರುವಾಕ್ಕುತನವನ್ನು ಊಹಿಸಬಹುದು. ತೊಂಬತ್ತು ದಿನಗಳಿಗಿಂತ ಹಳೆಯದಾದ ವೃತ್ತಾಂತವನ್ನು ಅದು ತಾನೇ ಕಳಚಿಹಾಕುತ್ತದೆ.

ಈ ಕಡತಗಳನ್ನು ಗೂಢವಾಗಿಟ್ಟುದರ ಹಿಂದೆ ಬೇಹುಗಾರಿಕೆಯ ಸಂಕಲ್ಪವೇನೂ ಇರಲಿಲ್ಲ. ಒಮ್ಮೆ ಕಂಡ ಪುಟವನ್ನು ಮರಳಿ ಶೀಘ್ರವಾಗಿ ತೋರಿಸುವುದು, ವಿಳಾಸದ ಮೊದಲಕ್ಷರ ಒತ್ತಿದೊಡನೆ ಉಳಿದುದನ್ನು ಪೂರೈಸುವುದು ಇವುಗಳ ಕೆಲಸ. ಅರಿಯದವರ ಕೈಯಿಂದ ಕೆಡದಿರಲೆಂದು ಮರೆಮಾಡಿದುದಷ್ಟೆ. ಇವುಗಳಿಗೆ ಪರಿವಾರವೂ ಉಂಟು: ತಾಣಗಳ ಲಾಂಛನಗಳನ್ನು ಕೂಡಿಡುವ ಕಡತ, ತಾಣನಾಮಗಳನ್ನು ಅಂಕಿಯ ವಿಳಾಸಗಳಾಗಿ ಪರಿವರ್ತಿಸಿಕೊಂಡ ತಾತ್ಕಾಲಿಕ ಸ್ಮೃತಿ, ಸ್ಮೃತಿಯ ಹೊರೆ ಹೆಚ್ಚಿದಾಗ ಅದರ ತುಣುಕುಗಳನ್ನು ಇಳಿಸಿಡುವ 'ಪೇಜ್‌ಫೈಲ್', ಯಂತ್ರವನ್ನು ನಿದ್ರೆಗೆ ಕಳುಹಿಸಿದಾಗ ಸ್ಮೃತಿಯೆಲ್ಲವನ್ನೂ ಅಚ್ಚೊತ್ತಿಡುವ 'ಹೈಬರ್‌ಫಿಲ್', ಹಿಂದಿನ ಸ್ಥಿತಿಗೆ ಮರಳಲೆಂದು ವ್ಯವಸ್ಥೆಯು ತೆಗೆದಿರಿಸಿದ ಪ್ರತಿಗಳು. ಮುಖ್ಯ ಕಡತವನ್ನು ನಾಶಮಾಡಿದವನು ಈ ಪರಿವಾರವನ್ನು ಮರೆತರೆ ಅವನ ಶ್ರಮವು ಅರ್ಧವೇ ಫಲಿಸಿದಂತೆ.

ಅಳಿಸುವಿಕೆಯ ಅಂತರಂಗ

ಗಣಕದ ತಟ್ಟೆಯಲ್ಲಿ ಪ್ರತಿಯೊಂದು ಕಡತಕ್ಕೂ ಎರಡು ಅಂಗಗಳು: ಕಡತದ ಹೆಸರನ್ನೂ ಅದರ ಒಡಲು ಇರುವ ಸ್ಥಳವನ್ನೂ ಹೇಳುವ ಅನುಕ್ರಮಣಿಕೆಯ ನಮೂದು ಒಂದು, ಆ ಒಡಲು ಇನ್ನೊಂದು. 'ಡಿಲೀಟ್' ಎಂದೊಡನೆ ಸಾಮಾನ್ಯವಾಗಿ ಅದು ರೀಸೈಕಲ್ ಬಿನ್ ಎಂಬ ಬುಟ್ಟಿಯನ್ನು ಸೇರುತ್ತದೆ. ಬುಟ್ಟಿಯನ್ನೂ ಬರಿದು ಮಾಡಿದರೆ ಬದಲಾಗುವುದು ಅನುಕ್ರಮಣಿಕೆ ಮಾತ್ರ. ಹಳೆಯ ಫ್ಯಾಟ್ ಪದ್ಧತಿಯಲ್ಲಿ ಹೆಸರಿನ ಮೊದಲ ಅಕ್ಷರದ ಎಡೆಯಲ್ಲಿ ಒಂದು ಸಂಕೇತವನ್ನು ಬರೆಯುತ್ತಿದ್ದರು. ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ನಮೂದಿನ ಮೇಲೆ 'ಬಳಕೆಯಲ್ಲಿಲ್ಲ' ಎಂಬ ಗುರುತು ಬೀಳುತ್ತದೆ. ಒಡಲು ಇದ್ದಲ್ಲಿಯೇ ಇದ್ದು, ಆ ಜಾಗವು ಮತ್ತೊಬ್ಬರಿಗೆ ಕೊಡಲು ತೆರವಾಗಿದೆ ಎಂಬ ಮಾತು ಮಾತ್ರ ವ್ಯವಸ್ಥೆಯ ಲೆಕ್ಕಕ್ಕೆ ಸೇರುತ್ತದೆ.

ಹೀಗೆ ಅನುಕ್ರಮಣಿಕೆಯಿಂದ ಕಳಚಿಹೋದ ಒಡಲನ್ನು ಮರಳಿ ಗುರುತಿಸುವುದು ಹೇಗೆಂಬುದಕ್ಕೆ ಹಂಪೆಯಲ್ಲಿಯೇ ಒಂದು ಸುಂದರವಾದ ಸಾದೃಶ್ಯವಿದೆ. ಅಲ್ಲಿನ ರಾಜಪ್ರಾಂಗಣದಲ್ಲಿ 1980ರ ದಶಕದ ಉತ್ಖನನದಿಂದ ಬೆಳಕಿಗೆ ಬಂದ ಮೆಟ್ಟಿಲು ಪುಷ್ಕರಣಿಯ ಕಲ್ಲುಗಳನ್ನು ಹತ್ತಿರದಿಂದ ನೋಡಿದವರಿಗೆ, ಯಾವ ಕಲ್ಲು ಯಾವ ದಿಕ್ಕಿನದು, ಯಾವ ಸಾಲಿನದು, ಸಾಲಿನಲ್ಲಿ ಎಷ್ಟನೆಯದು ಎಂಬುದನ್ನು ಸೂಚಿಸುವ ಸಣ್ಣ ಸಣ್ಣ ಕೊರೆತದ ಗುರುತುಗಳು ಕಾಣಸಿಗುತ್ತವೆ. ಕಟ್ಟಿಸಿದ ಅರಸೊತ್ತಿಗೆ ಅಳಿಯಿತು, ಕೆಲಸದ ನಕ್ಷೆ ಅಳಿಯಿತು, ಪುಷ್ಕರಣಿ ಮಣ್ಣಿನಡಿ ಹುದುಗಿತು. ಆದರೂ ತನ್ನ ಸ್ಥಾನವನ್ನು ಪ್ರತಿಯೊಂದು ಕಲ್ಲೂ ತಾನೇ ಹೇಳಬಲ್ಲುದಾಗಿತ್ತು. ಇಂಡೆಕ್ಸ್.ಡ್ಯಾಟ್ ಕಡತದಲ್ಲಿಯೂ ಪ್ರತಿಯೊಂದು ನಮೂದು 'ಯುಆರ್‌ಎಲ್' ಎಂಬ ತನ್ನದೇ ಗುರುತಿನಿಂದ ಮೊದಲಾಗುತ್ತಿದ್ದು, ನಮೂದುಗಳ ಅಳತೆ 128 ಬೈಟುಗಳ ಗುಣಕದಲ್ಲಿರುತ್ತಿತ್ತು. ಆದಕಾರಣ ಅನುಕ್ರಮಣಿಕೆ ಸಂಪೂರ್ಣವಾಗಿ ನಷ್ಟವಾದ ತಟ್ಟೆಯನ್ನು ಆದ್ಯಂತವಾಗಿ ಜಾಲಿಸಿ, ಆ ಗುರುತು ಕಂಡಲ್ಲೆಲ್ಲ ನಿಂತು, ಸಂದರ್ಶನದ ವಿಳಾಸವನ್ನೂ ಕಾಲವನ್ನೂ ಮರಳಿ ಓದುವುದು ಪರೀಕ್ಷಕರಿಗೆ ಸಾಧ್ಯವಾಗುತ್ತಿತ್ತು. ಈ ಕ್ರಿಯೆಯೂ ಒಂದು ಬಗೆಯ ಉತ್ಖನನವೇ ಸರಿ.

ಹೀಗೆ ಉಳಿದ ಅವಶೇಷದ ವ್ಯಾಪ್ತಿಯನ್ನು ಅಮೆರಿಕದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ 2003ರಲ್ಲಿ ಪ್ರಕಟಿಸಿದ ಅಧ್ಯಯನವು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಅವರು ಕೊಂಡ 158 ಹಳೆಯ ತಟ್ಟೆಗಳಲ್ಲಿ 129 ಕೆಲಸಮಾಡುವ ಸ್ಥಿತಿಯಲ್ಲಿದ್ದವು. ಅವುಗಳಲ್ಲಿ ಸರಿಯಾಗಿ ಶುದ್ಧಿಗೊಂಡಿದ್ದುವು ಹನ್ನೆರಡು ಮಾತ್ರ.

ನಿಶ್ಶೇಷನಾಶದ ವಿಧಾನಗಳು

ಕಾಂತೀಯ ತಟ್ಟೆಯಲ್ಲಿ ನಾಶವೆಂದರೆ ಮೇಲ್ಬರಹ: ಹಳೆಯ ಒಡಲಿದ್ದ ಎಡೆಯಲ್ಲಿಯೇ ನಿರರ್ಥಕವಾದ ಅಂಕಿಗಳನ್ನು ತುಂಬುವುದು. ಎಷ್ಟು ಸಲ ತುಂಬಬೇಕೆಂಬ ವಿಷಯದಲ್ಲಿ ಬಹುಕಾಲ ಜಿಜ್ಞಾಸೆ ನಡೆಯಿತು. ಪೀಟರ್ ಗುಟ್‌ಮನ್ 1996ರ ತನ್ನ ಪ್ರಬಂಧದಲ್ಲಿ ಆ ಕಾಲದ ನಾನಾ ಬಗೆಯ ತಟ್ಟೆಗಳನ್ನೆಲ್ಲ ಲಕ್ಷಿಸಿ ಮೂವತ್ತೈದು ಆವರ್ತಗಳ ಕ್ರಮವನ್ನು ನಿರೂಪಿಸಿದನು. ಅದನ್ನು ಮಂತ್ರಸಂಖ್ಯೆಯೆಂಬಂತೆ ಹಿಡಿದವರು ಅನೇಕರು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 2006ರಲ್ಲಿ ಹೊರಡಿಸಿ 2014ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ಈಚಿನ ಕಾಂತೀಯ ತಟ್ಟೆಗಳಿಗೆ ಸಾಮಾನ್ಯವಾಗಿ ಒಂದೇ ಆವರ್ತ ಸಾಕೆಂದು ಹೇಳಿ, ಶುದ್ಧಿಯನ್ನು ಮೇಲೊರಸು, ಆಳವಾದ ನಿರ್ಮೂಲನ, ವಸ್ತುನಾಶ ಎಂಬರ್ಥದ ಮೂರು ಮೆಟ್ಟಿಲುಗಳಾಗಿ ವಿಂಗಡಿಸಿತು. ವಿಂಡೋಸಿನಲ್ಲಿಯೇ ಅಡಕವಾಗಿರುವ 'ಸೈಫರ್' ಎಂಬ ಆಜ್ಞೆಯು ತೆರವಾದ ಜಾಗವನ್ನೆಲ್ಲ ಮೂರು ಸಲ, ಮೊದಲು ಸೊನ್ನೆಗಳಿಂದ, ಬಳಿಕ ಒಂದುಗಳಿಂದ, ಕಡೆಗೆ ಯಾದೃಚ್ಛಿಕ ಅಂಕಿಗಳಿಂದ ತುಂಬುತ್ತದೆ. ಮಾರ್ಕ್ ರುಸಿನೊವಿಚ್ ರಚಿಸಿದ 'ಎಸ್‌ಡಿಲೀಟ್' ಸಾಧನವು ನಿರ್ದಿಷ್ಟ ಕಡತವನ್ನೇ ಗುರಿಯಾಗಿಟ್ಟುಕೊಂಡು ಕೆಲಸ ಮಾಡುತ್ತದೆ.

ಎಸ್‌ಎಸ್‌ಡಿ ಎಂದು ಹೆಸರಾದ ಘನಸ್ಥಿತಿ ಸಂಗ್ರಾಹಕಗಳಲ್ಲಿ ಈ ವಿಧಾನವು ನಂಬಿಕೆಗೆ ಅರ್ಹವಲ್ಲ. ಅಲ್ಲಿನ ಕೋಶಗಳು ಪರಿಮಿತ ಸಂಖ್ಯೆಯ ಬರವಣಿಗೆಯನ್ನು ಮಾತ್ರ ತಾಳಬಲ್ಲವಾದ್ದರಿಂದ, ಸವೆತವನ್ನು ಸಮವಾಗಿ ಹಂಚುವ ಸಲುವಾಗಿ, ಮೇಲೆ ಬರೆಯಲು ಕೊಟ್ಟುದನ್ನು ಯಂತ್ರವು ಬೇರೊಂದು ಹೊಸ ಕೋಶದಲ್ಲಿ ಬರೆದು ಹಳೆಯದನ್ನು ಹಾಗೆಯೇ ಬಿಟ್ಟುಬಿಡುತ್ತದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಶಾಖೆಯ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಒಂದೊಂದೇ ಕಡತವನ್ನು ಅಳಿಸುವ ಉಪಾಯಗಳೆಲ್ಲ ವಿಫಲವಾಗಿ, ಕಡತದ ಶೇಕಡ 4ರಿಂದ 75ರಷ್ಟು ಅಂಶವು ಉಳಿದುದು ಕಂಡುಬಂದಿತು. 'ಟ್ರಿಮ್' ಎಂಬ ಆಜ್ಞೆಯ ಮೂಲಕ, ತೆರವಾದ ಕೋಶಗಳನ್ನು ಬರಿದು ಮಾಡಬಹುದೆಂದು ವ್ಯವಸ್ಥೆಯು ಸಂಗ್ರಾಹಕಕ್ಕೆ ತಿಳಿಸುವುದುಂಟಾದರೂ, ಆ ಕೆಲಸವು ಯಾವಾಗ ನಡೆಯುವುದೆಂಬುದು ಸಂಗ್ರಾಹಕದ ಇಚ್ಛೆಗೆ ಬಿಟ್ಟುದು. ಇಂಥಲ್ಲಿ ಉತ್ತಮೋಪಾಯವೆಂದರೆ ಬರೆಯುವ ಮುನ್ನವೇ ಎಲ್ಲವನ್ನೂ ಗೂಢಲಿಪಿಗೆ ತಿರುಗಿಸಿಡುವುದು. ಬಿಟ್‌ಲಾಕರಿನಂಥ ಸಾಧನದಿಂದ ತಟ್ಟೆಯನ್ನಿಡೀ ಗೂಢೀಕರಿಸಿದ್ದರೆ, ಕಡೆಯಲ್ಲಿ ಅದರ ಕೀಲಿಯೊಂದನ್ನು ನಾಶಮಾಡಿದರೆ ಸಾಕು. ಬರಹವು ಇದ್ದೂ ಓದಲಾರದ್ದಾಗುತ್ತದೆ. ಯಂತ್ರವನ್ನು ಮಾರುವ ಇಲ್ಲವೆ ಕೊಡುವ ಸಂದರ್ಭದಲ್ಲಿ, ತಯಾರಕರೇ ಒದಗಿಸುವ 'ಸೆಕ್ಯೂರ್ ಇರೇಸ್' ವಿಧಿಯನ್ನು ನಡೆಸುವುದು, ಅದೂ ಸಾಧ್ಯವಾಗದಿದ್ದರೆ ಸಂಗ್ರಾಹಕವನ್ನೇ ಪುಡಿಮಾಡುವುದು ಯುಕ್ತ. ಅಂಗಡಿಗಳಲ್ಲಿ 'ಫಾರ್ಮ್ಯಾಟ್ ಹೊಡೆದಿದೀನಿ, ಏನೂ ಇಲ್ಲ' ಎಂಬ ಅಭಯವು ಅವಸರದ 'ಕ್ವಿಕ್ ಫಾರ್ಮ್ಯಾಟ್' ಅನ್ನು ಕುರಿತದ್ದಾದರೆ, ಹೊಸ ಅನುಕ್ರಮಣಿಕೆಯೊಂದನ್ನು ಬರೆದಿದ್ದೇನೆ ಎಂಬುದಕ್ಕಿಂತ ಹೆಚ್ಚಿನ ಅರ್ಥ ಅದಕ್ಕಿಲ್ಲ.

ಜಾಡೇ ಬೀಳದಂತೆ ಸಂಚರಿಸಲು ಬ್ರೌಸರುಗಳಲ್ಲಿರುವ 'ಇನ್‌ಕಾಗ್ನಿಟೊ' ಎಂಬ ಖಾಸಗಿ ಕಿಟಕಿಯು, ಅದನ್ನು ಮುಚ್ಚಿದೊಡನೆ ಆ ಸಂಚಾರದ ವೃತ್ತಾಂತವನ್ನೂ ಕುಕ್ಕಿಗಳನ್ನೂ ಕಳಚಿಹಾಕುತ್ತದೆ. ಸಂಪರ್ಕವನ್ನು ಒದಗಿಸುವ ಸಂಸ್ಥೆ, ಕಚೇರಿಯ ಇಲ್ಲವೆ ಅಂಗಡಿಯ ಸರ್ವರ್, ಸಂದರ್ಶಿತವಾದ ತಾಣ ಇವುಗಳ ಪುಸ್ತಕದಲ್ಲಿ ಬೀಳುವ ನಮೂದನ್ನು ತಡೆಯಲು ಅದಕ್ಕೆ ಶಕ್ತಿಯಿಲ್ಲ. ಖಾತೆಯೊಂದರ ಮೂಲಕ ಬ್ರೌಸರನ್ನು ಮೊಬೈಲಿನೊಡನೆ ಹೊಂದಿಸಿಕೊಂಡಿದ್ದರೆ, ವೃತ್ತಾಂತದ ಪ್ರತಿಯು ದೂರದ ಗಣಕಗಳಲ್ಲಿಯೂ ಇರುತ್ತದೆಂಬುದನ್ನು ಮರೆಯಲಾಗದು.

ಹೊಸಪೇಟೆಯ ಸೀಮೆಯಲ್ಲಿ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲವು ದೊರೆತುದು 1995ರ ಆಗಸ್ಟ್ 15ರಂದು. ಮುಂದಿನ ವರ್ಷಗಳಲ್ಲಿ ಸಣ್ಣ ಊರುಗಳಿಗೆ ಅದು ಮನೆಮನೆಯ ವಸ್ತುವಾಗಿ ಬರದೆ, ಗಂಟೆಗಿಷ್ಟು ಎಂದು ಬಾಡಿಗೆಗೆ ದೊರೆಯುವ 'ಬ್ರೌಸಿಂಗ್ ಸೆಂಟರ್' ರೂಪದಲ್ಲಿ ಬಂದಿತು. ಹಂಪೆಯಲ್ಲಿ ವಿರೂಪಾಕ್ಷ ದೇಗುಲದ ಮುಂದಿನ ಬಜಾರಿನ ಸುತ್ತಣ ಓಣಿಗಳಲ್ಲಿ ಇಂಥ ಅಂಗಡಿಗಳಿಗೆ ಪರದೇಶದ ಯಾತ್ರಿಕರೇ ಮುಖ್ಯ ಗಿರಾಕಿಗಳಾಗಿದ್ದರೆ, ಹೊಸಪೇಟೆ, ಸಂಡೂರು, ಕಂಪ್ಲಿಗಳಲ್ಲಿ ಫಲಿತಾಂಶ ನೋಡುವ ವಿದ್ಯಾರ್ಥಿಗಳೂ, ಕೆಲಸಕ್ಕೆ ಅರ್ಜಿ ತುಂಬುವ ಯುವಕರೂ, ಈಚೆಗೆ ಪಹಣಿಯ ಪ್ರತಿಗೋ ಸೇವಾ ಸಿಂಧುವಿನ ಅರ್ಜಿಗೋ ಬರುವ ರೈತರೂ ಇಂಥ ಅಂಗಡಿಗಳ ಆಧಾರ. 2011ರ ಜುಲೈ ತಿಂಗಳಲ್ಲಿ ಬಜಾರಿನ ಸಾಲುಮಂಟಪಗಳ ಅಂಗಡಿ ಮನೆಗಳನ್ನು ತೆರವುಗೊಳಿಸಲಾಯಿತು. ಮೊಬೈಲ್ ಫೋನುಗಳು ಹಬ್ಬಿದ ಬಳಿಕ ಬ್ರೌಸಿಂಗಿಗೆಂದೇ ಬರುವವರು ವಿರಳರಾಗಿ, ಉಳಿದ ಅಂಗಡಿಗಳು ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿಗಳ ಕೇಂದ್ರಗಳಾಗಿ ರೂಪಾಂತರ ಹೊಂದಿದವು.

ಇಂಥ ಅಂಗಡಿಯೊಂದರಲ್ಲಿ ಗೂಢ ಕಡತದ ಇರವು ಅನುಭವಕ್ಕೆ ಬರುವ ಬಗೆ ಅತ್ಯಂತ ಸರಳವಾದುದು. ಪರೀಕ್ಷೆಯ ಶುಲ್ಕ ಕಟ್ಟಲು ಬಂದ ವಿದ್ಯಾರ್ಥಿನಿಯೊಬ್ಬಳು ತನ್ನ ಇಮೇಲ್ ವಿಳಾಸದ ಮೊದಲಕ್ಷರವನ್ನು ಒತ್ತಿದೊಡನೆ, ಅದೇ ಅಕ್ಷರದಿಂದ ಮೊದಲಾಗುವ ನಾಲ್ಕಾರು ಅಪರಿಚಿತರ ವಿಳಾಸಗಳು ಸಾಲಾಗಿ ಇಳಿದು ನಿಲ್ಲುತ್ತವೆ. ಬೆಳಿಗ್ಗೆ ಅಲ್ಲಿ ಕುಳಿತಿದ್ದವನೊಬ್ಬನು 'ಲಾಗೌಟ್' ಮಾಡಲು ಮರೆತಿದ್ದರೆ ಅವನ ಅಂಚೆಪೆಟ್ಟಿಗೆಯೇ ತೆರೆದುಕೊಂಡರೂ ಆಶ್ಚರ್ಯವಿಲ್ಲ. ಡೌನ್‌ಲೋಡ್ ಕೋಶದಲ್ಲಿ ಯಾರದೋ ಆಧಾರ್ ಪ್ರತಿ, ಯಾರದೋ ಅಂಕಪಟ್ಟಿ ಬಿದ್ದಿರುತ್ತವೆ. 'ಅಣ್ಣಾ, ಹಿಸ್ಟರಿ ಡಿಲೀಟ್ ಮಾಡ್ರಿ' ಎಂದು ಕೇಳಿಕೊಂಡು ಹೊರಡುವ ಜಾಣರುಂಟು. ಅಂಗಡಿಯವನು ಕಂಟ್ರೋಲ್, ಶಿಫ್ಟ್, ಡಿಲೀಟ್ ಗುಂಡಿಗಳನ್ನು ಕೂಡಿಸಿ ಒತ್ತಿ, ಕಾಲಾವಧಿಯನ್ನು 'ಆಲ್ ಟೈಮ್' ಎಂದು ಆರಿಸಿ, ಕುಕ್ಕಿ, ಗುಪ್ತಪದ, ತುಂಬಿದ ನಮೂನೆಗಳ ಚೌಕಗಳಿಗೂ ಗುರುತು ಹಾಕಿ ಅಳಿಸಿದರೆ, ಮುಂದಿನ ಗಿರಾಕಿಯ ಕುತೂಹಲದಿಂದ ರಕ್ಷಣೆಯಂತೂ ದೊರೆಯುತ್ತದೆ. ಬಹುಜನರಿಗೆ ಬೇಕಾದುದೂ ಅಷ್ಟೆ.

ಆದರೆ ಅಂಗಡಿಯವನ ಕೈಯೂ ಸ್ವತಂತ್ರವಲ್ಲ. ಕೇಂದ್ರ ಸರ್ಕಾರವು 2011ರ ಏಪ್ರಿಲ್ 11ರಂದು ಪ್ರಕಟಿಸಿದ ಸೈಬರ್ ಕೆಫೆ ಮಾರ್ಗಸೂಚಿ ನಿಯಮಗಳ ಪ್ರಕಾರ, ಬಂದವರ ಗುರುತಿನ ಪತ್ರವನ್ನು ನೋಡಿ ವಹಿಯಲ್ಲಿ ಬರೆದುಕೊಳ್ಳತಕ್ಕದ್ದು. ಆ ವಹಿಯನ್ನೂ, ಅಲ್ಲಿನ ಗಣಕಗಳಿಂದ ಸಂದರ್ಶಿಸಿದ ತಾಣಗಳ ವೃತ್ತಾಂತವನ್ನೂ ಕನಿಷ್ಠ ಒಂದು ವರ್ಷ ಕಾಪಾಡಿಡತಕ್ಕದ್ದು. ಕುಳಿತುಕೊಳ್ಳುವ ಎಡೆಗಳ ನಡುವಣ ಅಡ್ಡಗೋಡೆಯು ನಾಲ್ಕೂವರೆ ಅಡಿಗಿಂತ ಎತ್ತರವಿರತಕ್ಕದ್ದಲ್ಲ. ಗಿರಾಕಿಯು ತನ್ನ ಜಾಡು ಅಳಿಯಿತೆಂದು ನೆಮ್ಮದಿಯಿಂದ ಮೆಟ್ಟಿಲಿಳಿಯುವ ಹೊತ್ತಿಗೆ, ಅದೇ ಜಾಡಿನ ಇನ್ನೊಂದು ಪ್ರತಿಯನ್ನು ಉಳಿಸಿಡುವುದು ಅಂಗಡಿಯವನಿಗೆ ವಿಧಿಸಿದ ಕರ್ತವ್ಯವಾಗಿದೆ.

ನ್ಯಾಯದ ಎಲ್ಲೆ

ತನ್ನ ಯಂತ್ರದಲ್ಲಿನ ತನ್ನ ವೃತ್ತಾಂತವನ್ನು ಅಳಿಸುವುದು ಅಪರಾಧವಲ್ಲ. ಅನ್ಯರ ಗಣಕದಲ್ಲಿರುವುದನ್ನು ಅನುಮತಿಯಿಲ್ಲದೆ ಅಳಿಸುವುದು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 43ನೆಯ ಪ್ರಕರಣಕ್ಕೆ ಒಳಪಡುತ್ತದೆ. ಅಪ್ರಾಮಾಣಿಕ ಉದ್ದೇಶವಿದ್ದಲ್ಲಿ 66ನೆಯ ಪ್ರಕರಣದ ಶಿಕ್ಷೆಯೂ ಉಂಟು. ನ್ಯಾಯಾಲಯದ ಮುಂದೆ ಸಾಕ್ಷ್ಯವಾಗಿ ಹಾಜರುಪಡಿಸಲೇಬೇಕಾದ ವಿದ್ಯುನ್ಮಾನ ದಾಖಲೆಯನ್ನು, ಅದು ಸಾಕ್ಷ್ಯವಾಗದಿರಲೆಂದು ನಾಶಮಾಡುವುದು ಭಾರತೀಯ ನ್ಯಾಯ ಸಂಹಿತೆಯ 241ನೆಯ ಪ್ರಕರಣದಂತೆ ದಂಡನೀಯ. ಗಣಕದ ದಾಖಲೆಗೆ ಬಂದಿರುವ ತೂಕವನ್ನು ಸಂಡೂರಿನ ಸೀಮೆಯು ಕಣ್ಣಾರೆ ಕಂಡಿದೆ: ಬಳ್ಳಾರಿ ಜಿಲ್ಲೆಯ ಅಕ್ರಮ ಗಣಿಗಾರಿಕೆಯನ್ನು ಕುರಿತು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ಸಲ್ಲಿಸಿದ ವರದಿಯಲ್ಲಿ, ಆದಾಯ ತೆರಿಗೆ ಇಲಾಖೆಯ ಶೋಧದಲ್ಲಿ ಸಿಕ್ಕಿದ ಗಣಕದ ದತ್ತಾಂಶವೂ ಆಧಾರಗಳಲ್ಲೊಂದಾಗಿತ್ತು.

ಅಳಿಸಿಕೊಳ್ಳುವ ಹಕ್ಕಿನ ಇತಿಹಾಸದಲ್ಲಿಯೂ ಕರ್ನಾಟಕಕ್ಕೆ ಸ್ಥಾನವುಂಟು. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಸಾರಿದ ಮೊಕದ್ದಮೆಯಲ್ಲಿ ಅರ್ಜಿದಾರರಾಗಿದ್ದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ.ಎಸ್. ಪುಟ್ಟಸ್ವಾಮಿಯವರು. ಅದೇ ವರ್ಷದ ಜನವರಿ 23ರಂದು, ಮುಗಿದುಹೋದ ವ್ಯಾಜ್ಯವೊಂದರ ಆದೇಶದಲ್ಲಿ ತನ್ನ ಮಗಳ ಹೆಸರು ಅಂತರಜಾಲದ ಹುಡುಕಾಟದಲ್ಲಿ ತೋರದಂತೆ ಮಾಡಬೇಕೆಂದು ತಂದೆಯೊಬ್ಬರು ಬೇಡಿಕೊಂಡಾಗ, ಅದೇ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಆನಂದ ಬೈರಾರೆಡ್ಡಿಯವರು ಆ ಬೇಡಿಕೆಯನ್ನು ಮನ್ನಿಸಿದರು. ಆದೇಶದ ದೃಢೀಕೃತ ಪ್ರತಿಯನ್ನು ಕೇಳಿ ಪಡೆದಲ್ಲಿ ಮಾತ್ರ ಅದರಲ್ಲಿ ಹೆಸರು ಇರತಕ್ಕದ್ದೇ ಎಂದೂ ಸ್ಪಷ್ಟಪಡಿಸಿದರು. ಅನುಕ್ರಮಣಿಕೆಯಿಂದ ಹೆಸರು ಕಳಚಿತು, ಒಡಲು ಉಳಿಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ 12ನೆಯ ಪ್ರಕರಣವು, ತನ್ನ ವಿವರಗಳನ್ನು ಇಟ್ಟುಕೊಂಡಿರುವವರಿಂದ ಅವನ್ನು ಅಳಿಸಿಕೊಳ್ಳುವ ಹಕ್ಕನ್ನು ವ್ಯಕ್ತಿಗೆ ಕೊಡುತ್ತದೆ. ಬೇರೆ ಕಾನೂನಿನ ಬಲದಿಂದ ಉಳಿಸಿಡಬೇಕಾದುದಕ್ಕೆ ಈ ಹಕ್ಕು ತಟ್ಟದು.

ಹಳೆಯ ಕಡತದಲ್ಲಿ ಬಳಪವೂ ಒರೆಸುವ ಬಟ್ಟೆಯೂ ಒಬ್ಬ ಶಾನುಭೋಗನ ಕೈಯಲ್ಲಿಯೇ ಇರುತ್ತಿದ್ದವು, ಬರೆದವನೇ ಅಳಿಸಬಲ್ಲವನಾಗಿದ್ದನು. ಇಂದಿನ ಕಡತದಲ್ಲಿ ಬರೆಯುವುದು ಯಂತ್ರ, ನಡೆದಾಡುವವನು ಗಿರಾಕಿ, ಪ್ರತಿಯನ್ನು ಕಾಯುವವನು ಅಂಗಡಿಯವನು. ಅಳಿಸಬಹುದೆಂದೋ ಉಳಿಸಬೇಕೆಂದೋ ಹೇಳುವುದು ಕಾನೂನು. ಆದುದರಿಂದ ಹೊಸಪೇಟೆಯ ಅಂಗಡಿಯಲ್ಲಿ ಒತ್ತಿದ 'ಡಿಲೀಟ್' ಗುಂಡಿಯು ಆ ಒಂದು ತಟ್ಟೆಯ ಮಟ್ಟಿಗೆ, ಅದೂ ಮೇಲ್ಬರಹವಾದ ಪಕ್ಷದಲ್ಲಿ, ನಿಶ್ಶೇಷವಾಗಬಲ್ಲುದು. ಉಳಿದ ಪ್ರತಿಗಳನ್ನು ಒರೆಸುವ ಬಟ್ಟೆ ಬೇರೆಯವರ ಕೈಯಲ್ಲಿದೆ.